ಕಾಪುವಿನ ಕೀಲಿಮಣೆ

ನಿವೃತ್ತಿಯಾಗುವವರೆಗೂ ನನ್ನ ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂದಿತ್ತು. ಕಾಪುವಿನಲ್ಲಿದ್ದ ನನ್ನ ಅಮ್ಮನಿಗೆ ಆ ಹೆಸರು ಬಾಯಿಗೆ ಬರುತ್ತಿರಲಿಲ್ಲ. ನೆರೆಯವರು ಕೇಳಿದರೆ, "ನಮ್ಮ ಸುನಂದಾ ಮಣಿಪಾಲದಲ್ಲಿ ಕಂಪ್ಯೂಟರುಗಳಿಗೆ ಕನ್ನಡ ಕಲಿಸ್ತಾಳೆ" ಎಂದುಬಿಡುತ್ತಿದ್ದರು. ಮೊದಮೊದಲು ನಾನು ಅದನ್ನು ತಿದ್ದುತ್ತಿದ್ದೆ. ಆಮೇಲೆ ಯೋಚಿಸಿದಾಗ ಅಮ್ಮ ಹೇಳಿದ್ದೇ ಸರಿ ಅನಿಸಿತು.

ಈಗ ಆ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ಅವರ ಕಾಲದಲ್ಲಿ ಲಿನಕ್ಸ್ ಯಂತ್ರಕ್ಕೆ ಕನ್ನಡ ಬೇಕೆಂದರೆ ಪಟ್ಟಿಯಲ್ಲಿ ಕನ್ನಡ ಎಂಬಲ್ಲಿ ಒಮ್ಮೆ ಒತ್ತಿದರೆ ಆಯಿತು. "ಇದರಲ್ಲಿ ಇಡೀ ಸರ್ವೀಸ್ ಮಾಡುವಂಥದ್ದು ಎಂತ ಇತ್ತು ಮೇಡಂ?" ಎಂದು ಅವರಲ್ಲೊಬ್ಬಳು ನನ್ನ ಬೀಳ್ಕೊಡುಗೆಯ ದಿನ ಕೇಳಿದಳು. ಕೈಯಲ್ಲಿ ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಅಷ್ಟು ಉದ್ದದ ಉತ್ತರ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಇಲ್ಲಿಲ್ಲ. ಅದೆಲ್ಲ ಎಲ್ಲರಿಗೂ ಆಗುವಂಥದ್ದೇ.

ನಾನಿದ್ದದ್ದು ಮಣಿಪಾಲದ ಒಂದು ಶಿಕ್ಷಣ ಸಂಸ್ಥೆಯ ಆಡಳಿತ ಕಚೇರಿಯಲ್ಲಿ. ಅಲ್ಲಿಗೆ ಲಿನಕ್ಸ್ ಬಂದ ಹೊಸತರಲ್ಲಿ ಕನ್ನಡದ ಸ್ಥಿತಿ ಹೇಗಿತ್ತೆಂದರೆ, ಯಾರಾದರೂ ಕನ್ನಡದ ಕಡತ ತೆರೆದರೆ ಅಕ್ಷರದ ಬದಲು ಸಾಲುಸಾಲು ಖಾಲಿ ಚೌಕಗಳು ಕಾಣಿಸುತ್ತಿದ್ದವು. ಯಂತ್ರ ತನ್ನ ಹತ್ತಿರ ಇರುವ ಫಾಂಟುಗಳನ್ನೆಲ್ಲ ಹುಡುಕಿ ನೋಡುತ್ತದೆ, ಯಾವುದರಲ್ಲೂ ಕನ್ನಡ ಇಲ್ಲದಿದ್ದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಬರೆದು ಕೈತೊಳೆದುಕೊಳ್ಳುತ್ತದೆ. ನಮ್ಮ ಗುಮಾಸ್ತರು ಅದಕ್ಕೆ ಚಿಕ್ಕಿ ಎಂದು ಹೆಸರಿಟ್ಟಿದ್ದರು. ಅಂಗಡಿಯಲ್ಲಿ ನೆಲಗಡಲೆ ಚಿಕ್ಕಿ ಕತ್ತರಿಸಿ ಜೋಡಿಸಿಟ್ಟ ಹಾಗೆಯೇ ಕಾಣುತ್ತಿತ್ತು. "ಮೇಡಂ, ಇವತ್ತು ಪುನಃ ಚಿಕ್ಕಿ ಬಂದಿದೆ" ಎಂದು ಫೋನ್ ಬಂತೆಂದರೆ ನಾನು ಫಾಂಟಿನ ಸಿ.ಡಿ. ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ.

ಫಾಂಟು ಹಾಕಿದರೆ ಮುಗಿಯಿತೇ? ಎಲ್ಲಿ ಹಾಕಬೇಕೆಂಬುದೂ ಗೊತ್ತಿರಬೇಕು. ಒಮ್ಮೆ ವಾರ್ಷಿಕೋತ್ಸವದ ಆಮಂತ್ರಣಕ್ಕೆಂದು ಒಂದು ಚೆಂದದ ಫಾಂಟು ಬೇಕೆಂದರು. ಪ್ರತಿ ಅಕ್ಷರಕ್ಕೂ ಬಳ್ಳಿ, ಬಳ್ಳಿಯ ತುದಿಗೆ ಮೊಗ್ಗು ಇರುವ, ಮದುವೆ ಕಾಗದದ ಫಾಂಟು ಸಿಕ್ಕಿತು. ನಾನು ಅದನ್ನು ಒಂದು ಯಂತ್ರದಲ್ಲಿ ನನ್ನ ಸ್ವಂತ ಫೋಲ್ಡರಿಗೆ ಹಾಕುವ ಬದಲು, ಕಚೇರಿಯ ಎಲ್ಲ ಯಂತ್ರಗಳೂ ಓದುವ ಸಾರ್ವಜನಿಕ ಜಾಗಕ್ಕೆ ಹಾಕಿಬಿಟ್ಟೆ. ಯಂತ್ರಕ್ಕೇನು ಗೊತ್ತು? ಕನ್ನಡ ಬೇಕೆಂದಾಗ ಮೊದಲು ಕೈಗೆ ಸಿಕ್ಕಿದ ಫಾಂಟನ್ನೇ ತೆಗೆದುಕೊಂಡಿತು. ಮರುದಿನ ಬೆಳಿಗ್ಗೆ ಇಡೀ ಕಚೇರಿಯ ಪರದೆಗಳ ಮೇಲೆ ಬಳ್ಳಿ ಹಬ್ಬಿತ್ತು.

ನಮ್ಮ ಆಡಳಿತಾಧಿಕಾರಿ ವಾಮನ ಸರ್ ನನ್ನನ್ನು ಕರೆಸಿದರು. ಅವರು ಉಡುಪಿಯವರು, ಶಿಸ್ತಿನ ಮನುಷ್ಯ. ಕೋಪ ಬಂದರೂ ದನಿ ಏರುತ್ತಿರಲಿಲ್ಲ.

"ಸುನಂದಾ ಅವರೇ, ಯಾರ ಮದುವೆ?" ಎಂದು ಕೇಳಿದರು.

"ಯಾರದ್ದೂ ಇಲ್ಲ ಸರ್."

"ಮತ್ತೆ ಇದೆಂತ? ಕಸದ ಬುಟ್ಟಿಯ ಹೆಸರಿಗೂ ಮೊಗ್ಗು ಬಂದಿದೆಯಲ್ಲ!"

ನಾನು ನಗು ತಡೆದುಕೊಳ್ಳಲು ಪರದೆಯ ಹತ್ತಿರ ಬಗ್ಗಿ ಏನೋ ನೋಡುವವಳಂತೆ ನಟಿಸಿದೆ. ಅಂದಿನಿಂದ, ಕನ್ನಡಕ್ಕೆ ಮೊದಲು ಯಾವ ಫಾಂಟು, ಅದಿಲ್ಲದಿದ್ದರೆ ಯಾವುದು ಎಂದು ನಾನೇ ಸರದಿ ಬರೆದಿಡಲು ಕಲಿತೆ. ಹೊಸಬರೇ, ನೀವೂ ಅಷ್ಟು ಮಾಡಿ. ಯಂತ್ರದ ಅಭಿರುಚಿಯನ್ನು ನಂಬಬೇಡಿ.

ವಾಮನ ಸರ್ ಬಗ್ಗೆ ಇನ್ನೊಂದು ಹೇಳಬೇಕು, ಮುಂದಿನ ಕಥೆಗೆ ಅದು ಬೇಕಾಗುತ್ತದೆ. ಒಂದು ದಿನ ಅವರು ಕನ್ನಡದಲ್ಲಿ ಏನೋ ಬರೆಯುತ್ತಿದ್ದವರು, ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಲು ಮರೆತು, ಹಾಗೆಯೇ ತಮ್ಮ ಪಾಸ್‌ವರ್ಡ್ ಬದಲಾಯಿಸಿದರು. ಪಾಸ್‌ವರ್ಡ್ ಬರೆಯುವಾಗ ಕಾಣುವುದು ಬರೀ ಚುಕ್ಕಿ, ಇಂಗ್ಲಿಷೋ ಕನ್ನಡವೋ ಯಾರಿಗೆ ತಿಳಿಯಬೇಕು? ಮರುದಿನ ಒಳಗೆ ಹೋಗಲು ನೋಡಿದರೆ, ಆ ಲಾಗಿನ್ ಪರದೆಗೆ ಆಗ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಒಳಗೆ ಹೋದರೆ ಮಾತ್ರ ಕನ್ನಡ, ಕನ್ನಡ ಬಂದರೆ ಮಾತ್ರ ಒಳಗೆ. ಸರ್ ತಮ್ಮ ಪಾಸ್‌ವರ್ಡನ್ನು ಮತ್ತೆ ಮತ್ತೆ ಕುಟ್ಟಿ, ಕೊನೆಗೆ ಕುರ್ಚಿಗೆ ಒರಗಿ ಕೂತು, "ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕಿದ ಹಾಗಾಯಿತು" ಎಂದರು. ನಾನು ಪಾಸ್‌ವರ್ಡ್ ಅಳಿಸಿ ಹೊಸದು ಕೊಟ್ಟೆ. ಆ ವಾರವೇ ಎಲ್ಲ ಯಂತ್ರಗಳ ಲಾಗಿನ್ ಪರದೆಗೂ ಕನ್ನಡವನ್ನು ಸೇರಿಸಿ, ಈಗ ಯಾವ ಭಾಷೆ ನಡೆಯುತ್ತಿದೆ ಎಂದು ತೋರಿಸುವ ಗುರುತನ್ನೂ ಮೂಲೆಯಲ್ಲಿ ಇಟ್ಟೆ.

ಈಗ ಗಿರಿಜಾ ಟೀಚರ ಕಥೆಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟು ಹೊತ್ತು ಅಲ್ಲಿಗೆ ಬರಲಿಕ್ಕೇ ದಾರಿ ಮಾಡಿಕೊಂಡದ್ದು.

ಗಿರಿಜಾ ಟೀಚರ್ ನಮ್ಮ ಕಚೇರಿಯ ಕನ್ನಡ ಟೈಪಿಸ್ಟ್. ಇಂಗ್ಲಿಷ್ ಕೆಲಸವೆಲ್ಲ ಕಂಪ್ಯೂಟರಿಗೆ ಹೋಗಿದ್ದರೂ, ಪಂಚಾಯತಿಗೆ, ತಾಲೂಕು ಕಚೇರಿಗೆ ಹೋಗುವ ಕನ್ನಡ ಪತ್ರಗಳೆಲ್ಲ ಅವರ ಟೈಪ್‌ರೈಟರಿನಲ್ಲೇ ಆಗುತ್ತಿದ್ದವು. ಆ ಮೆಷಿನ್ ಮುಟ್ಟುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಕಚೇರಿಗೆ ಬರುವ ಮುಂಚೆ ಮತ್ತು ಹೋದ ಮೇಲೆ ಅವರು ಕಾಪುವಿನ ತಮ್ಮ ಮನೆಯ ಜಗಲಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಅದರಿಂದಾಗಿ ಊರಿಗೆಲ್ಲ ಅವರು ಟೀಚರ್. ನಾನೂ ಅಲ್ಲಿ ಕಲಿತವಳೇ. ಡಿಗ್ರಿ ಮುಗಿದ ರಜೆಯಲ್ಲಿ ಅಮ್ಮ ಒತ್ತಾಯದಿಂದ ಕಳಿಸಿದ್ದರು.

ಟೀಚರ ಪಾಠದಲ್ಲಿ ಒಂದು ಕಡ್ಡಾಯ ನಿಯಮ ಇತ್ತು. ಕೀಲಿ ನೋಡಬಾರದು. ಅದಕ್ಕೆಂದು ಪ್ರತಿ ಮೆಷಿನಿನ ಮುಂಭಾಗಕ್ಕೆ ದಪ್ಪ ಬಟ್ಟೆಯೊಂದನ್ನು ಸೆರಗಿನಂತೆ ಕಟ್ಟಿದ್ದರು. ಕೈ ಬಟ್ಟೆಯ ಅಡಿಗೆ, ಕಣ್ಣು ಪುಸ್ತಕದ ಮೇಲೆ. ಬಟ್ಟೆ ಎತ್ತಿ ಇಣುಕಿದರೆ ಮರದ ಸ್ಕೇಲಿನಿಂದ ಗೆಣ್ಣಿಗೆ ಒಂದು ಬೀಳುತ್ತಿತ್ತು. ಪರೀಕ್ಷೆಯ ದಿನ ಮೆಷಿನುಗಳನ್ನು ಬಟ್ಟೆ ಸಮೇತ ಟೆಂಪೋಗೆ ಏರಿಸಿ ಉಡುಪಿಯ ಕೇಂದ್ರಕ್ಕೆ ಒಯ್ಯುತ್ತಿದ್ದೆವು. ಬೇರೆಯವರ ಮೆಷಿನಿನಲ್ಲಿ ಪರೀಕ್ಷೆ ಬರೆಯಲು ಟೀಚರ್ ಬಿಡುತ್ತಿರಲಿಲ್ಲ. "ಬೇರೆ ಮೆಷಿನ್ ಸರಿ ಇರುವುದಿಲ್ಲ" ಎನ್ನುತ್ತಿದ್ದರು.

ಹೊಸ ಮೆಷಿನ್ ಬಂದಾಗಲೂ ಅವರದು ಅದೇ ದೂರು. ಒಂದು ಸಾಲು ಟೈಪ್ ಮಾಡಿ ನೋಡಿ, "ಕಂಪನಿಯವರು ಪುನಃ ತಪ್ಪು ಮಾಡಿದ್ದಾರೆ" ಎಂದು ರಿಪೇರಿಯ ಶೇಖರಣ್ಣನಿಗೆ ಹೇಳಿ ಕಳಿಸುತ್ತಿದ್ದರು. ಶೇಖರಣ್ಣ ಬಂದು ಏನೋ ಬಿಚ್ಚಿ, ಬೆಸುಗೆ ಹಾಕಿ ಹೋಗುತ್ತಿದ್ದರು. ಟೀಚರ್ ಪುನಃ ಒಂದು ಸಾಲು ಟೈಪ್ ಮಾಡಿ, ಕಾಗದ ಎಳೆದು ನೋಡಿ, "ಈಗ ಮೆಷಿನ್ ಸರಿಯಾಯ್ತು" ಎನ್ನುತ್ತಿದ್ದರು. ಆ ಮಾತು ಬಂದರೆ ಮಾತ್ರ ಶೇಖರಣ್ಣನಿಗೆ ಚಹಾ ಸಿಗುತ್ತಿತ್ತು. ಮಣಿಪಾಲದ ಕಚೇರಿಯ ಮೆಷಿನಿಗೂ ಇದೇ ಉಪಚಾರ ಆಗಿತ್ತು.

ಇಷ್ಟರಲ್ಲಿ ವಾಮನ ಸರ್ ಒಂದು ಆದೇಶ ಹೊರಡಿಸಿದರು. ಟೈಪ್‌ರೈಟರ್ ಇನ್ನಿಲ್ಲ. ಕನ್ನಡವೂ ಲಿನಕ್ಸಿನಲ್ಲೇ ಆಗಬೇಕು, ಅದೂ ಕೇಂದ್ರ ಸರ್ಕಾರ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ. ಶನಿವಾರ ಪರೀಕ್ಷೆ. ಟೈಪ್ ಮಾಡಲು ಬಾರದವರು ಟಪಾಲು ವಿಭಾಗಕ್ಕೆ, ಅಂದರೆ ನೆಲಮಾಳಿಗೆಯಲ್ಲಿ ಕೂತು ಲಕೋಟೆಗೆ ಅಂಟು ಹಚ್ಚುವ ಕೆಲಸಕ್ಕೆ. ಆದೇಶದ ಮರುದಿನವೇ ಲಾರಿ ಬಂದು ಮೆಷಿನುಗಳನ್ನು ಆದಿ ಉಡುಪಿಯ ಗುಜರಿ ಅಂಗಡಿಗೆ ಒಯ್ದಿತು. ಟೀಚರ ಮೇಜಿನ ಮೇಲೆ ಮೆಷಿನ್ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿಯಿತು.

ಟೀಚರ್ ಇನ್‌ಸ್ಕ್ರಿಪ್ಟ್ ಕಲಿಯಲು ಕೂತರು. ಇನ್‌ಸ್ಕ್ರಿಪ್ಟಿನಲ್ಲಿ ತಪ್ಪೇನಿಲ್ಲ, ಹೊಸದಾಗಿ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಜನ್ಮವಿಡೀ ಒಂದು ದಾರಿಯಲ್ಲಿ ಓಡಿದ ಬೆರಳುಗಳಿಗೆ ಅದು ಹೇಗೆ ಒಗ್ಗಬೇಕು? ಒಂದು ಸಾಲಿಗೆ ಅವರು ಒದ್ದಾಡುವುದನ್ನು ನೋಡಲಾಗದೆ ನಾನು ಹತ್ತಿರ ಹೋಗಿ ಕೂತೆ. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸುನಂದಾ, ನನಗೆ ರಿಟೈರ್ ಆಗಲಿಕ್ಕೆ ಇನ್ನೂ ಸಮಯ ಉಂಟು" ಎಂದರು ಟೀಚರ್. "ಟಪಾಲಿಗೆ ಹೋಗಿ ಅಂಟು ಹಚ್ಚುವುದಕ್ಕಿಂತ ರಾಜೀನಾಮೆ ಬರೆದು ಕೊಡ್ತೇನೆ. ಆದರೆ ಅದನ್ನು ಟೈಪ್ ಮಾಡಲಿಕ್ಕೂ ಈಗ ಮೆಷಿನ್ ಇಲ್ಲ ಅಲ್ವಾ?"

ಹೇಳುತ್ತಾ ನಕ್ಕರು. ಕಣ್ಣು ಮಾತ್ರ ನಗಲಿಲ್ಲ. ನನ್ನ ಕೈಗೆ ಕೆಲಸ ಕಲಿಸಿದವರು ಅವರು. ನನಗೆ ಆ ಹೊತ್ತಿಗೆ ತುಂಬ ದುಃಖವಾಯಿತು, ಕೋಪವೂ ಬಂತು.

"ಟೀಚರ್, ನಿಮ್ಮ ಬೆರಳು ಬದಲಾಗುವುದು ಬೇಡ. ಕಂಪ್ಯೂಟರನ್ನೇ ಟೈಪ್‌ರೈಟರ್ ಮಾಡುವಾ" ಎಂದೆ.

ಲಿನಕ್ಸಿನಲ್ಲಿ ಅದು ಸಾಧ್ಯವಿತ್ತು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂದು ಒಂದು ಸಾದಾ ಕಡತದಲ್ಲಿ ಬರೆದು ಸರಿಯಾದ ಜಾಗದಲ್ಲಿಟ್ಟರೆ, ಅದೇ ಹೊಸ ಕೀಲಿಮಣೆಯಾಗಿ ಪಟ್ಟಿಯಲ್ಲಿ ಕಾಣಿಸುತ್ತದೆ. ಆದರೆ ಟೈಪ್‌ರೈಟರಿನ ವಿನ್ಯಾಸದ ಕಡತ ಆಗ ನನಗೆ ಎಲ್ಲೂ ಸಿಗಲಿಲ್ಲ. ಸರಿ, ಟೀಚರನ್ನೇ ಕೇಳುವಾ ಎಂದುಕೊಂಡೆ.

"ಟೀಚರ್, ಬ ಎಲ್ಲಿ ಉಂಟು?"

ಟೀಚರ್ ಗಾಳಿಯಲ್ಲಿ ಬೆರಳು ಆಡಿಸಿದರು. ಎಡಕ್ಕೆ ಹೋದರು, ಬಲಕ್ಕೆ ಬಂದರು. "ಬ... ಇಲ್ಲೇ ಎಲ್ಲೋ ಉಂಟು ಮಾರಾಯ್ತಿ. ಕೇಳಿದರೆ ಗೊತ್ತಾಗುವುದಿಲ್ಲ."

"ಮತ್ತೆ ಟೈಪ್ ಮಾಡುವುದು ಹೇಗೆ?"

"ನೀನು ನಡೆಯುವಾಗ ಯಾವ ಕಾಲು ಮೊದಲು ಅಂತ ನೋಡ್ತೀಯಾ?"

ಕಾಪುವಿಗೆ ಹೋಗಿ ಅವರ ಮೆಷಿನಿನ ಕೀಲಿಗಳನ್ನು ನೋಡಿ ಬರೆದುಕೊಳ್ಳಬಹುದಿತ್ತು. ಆದರೆ ಟೈಪ್‌ರೈಟರಿನ ಕೀಲಿಗಳೂ ಕಂಪ್ಯೂಟರಿನ ಕೀಲಿಗಳೂ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಅಷ್ಟರಲ್ಲಿ ನನಗೊಂದು ಉಪಾಯ ಹೊಳೆಯಿತು. ಹೊಳೆದ ಮೇಲೆ ಅದನ್ನೇ ಮಾಡಿ ನೋಡದೆ ನಿದ್ದೆ ಬರುವ ಜಾತಿ ನನ್ನದಲ್ಲ. ಟೀಚರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟೆ. ಒತ್ತಿದ ಕೀಲಿಗಳನ್ನೆಲ್ಲ ಯಂತ್ರ ಬರೆದಿಡುವ ಹಾಗೆ ಮಾಡಿದೆ. ನಾನು ಹಳೆಯ ಪಾಠವನ್ನು ಗಟ್ಟಿಯಾಗಿ ಓದುತ್ತೇನೆ, ಅವರು ತಮ್ಮ ಮೆಷಿನಿನ ಮುಂದೆಯೇ ಕೂತಿದ್ದೇನೆಂದುಕೊಂಡು ಟೈಪ್ ಮಾಡುತ್ತಾರೆ.

"ಟೀಚರ್, ಪರದೆಯಲ್ಲಿ ಹುಚ್ಚುಹುಚ್ಚಾಗಿ ಇಂಗ್ಲಿಷ್ ಬರ್ತದೆ. ಅದನ್ನು ನೋಡಬೇಡಿ."

"ನಾನು ಯಾವತ್ತು ನೋಡಿದ್ದೇನೆ? ನೀನು ಓದು."

ನಾನು ಓದಿದೆ. "ಮಾನ್ಯರೇ, ನಮ್ಮ ಊರಿನ ರಸ್ತೆಯ ದುರಸ್ತಿಯ ಬಗ್ಗೆ..." ಟೀಚರ್ ಕಿಟಕಿಯ ಹೊರಗೆ ನೋಡುತ್ತಾ ಹೊಡೆಯತೊಡಗಿದರು. ನಿನ್ನೆಯವರೆಗೆ ಒದ್ದಾಡುತ್ತಿದ್ದ ಬೆರಳುಗಳೇ ಇವು ಎಂದರೆ ಯಾರೂ ನಂಬುತ್ತಿರಲಿಲ್ಲ. ಸಾಲು ಮುಗಿದಾಗ ಅವರ ಎಡಗೈ ತಾನಾಗಿಯೇ ಮೇಲೆದ್ದು, ಮೆಷಿನನ್ನು ಹೊಸ ಸಾಲಿಗೆ ತರುವ, ಇಲ್ಲಿ ಇಲ್ಲದ ಹಿಡಿಕೆಯನ್ನು ತಳ್ಳಲು ಹೋಗುತ್ತಿತ್ತು. ಬ ಎಲ್ಲಿದೆಯೆಂದು ಬಾಯಿಗೆ ಗೊತ್ತಿರಲಿಲ್ಲ, ಕೈಗೆ ಚೆನ್ನಾಗಿ ಗೊತ್ತಿತ್ತು.

ನಾನು ಓದಿದ ಪಾಠ, ಅವರು ಒತ್ತಿದ ಕೀಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ಕಡತ ಬರೆದೆ. ಅದರಲ್ಲೂ ತೊಡಕು ಇರಲಿಲ್ಲವೆಂದಲ್ಲ. ಟೈಪ್‌ರೈಟರಿನಲ್ಲಿ ಅಕ್ಷರದ ಒಂದೊಂದು ತುಂಡನ್ನು ಕಾಗದದ ಮೇಲೆ ಕಾಣುವ ಕ್ರಮದಲ್ಲಿ ಹೊಡೆಯುತ್ತಾ ಹೋಗುತ್ತೇವೆ, ಕಂಪ್ಯೂಟರಿಗೆ ಉಚ್ಚರಿಸುವ ಕ್ರಮ ಬೇಕು. ಕೈಯ ಕ್ರಮವನ್ನು ನಾಲಿಗೆಯ ಕ್ರಮಕ್ಕೆ ತಿರುಗಿಸುವಷ್ಟರಲ್ಲಿ ಶುಕ್ರವಾರ ಬಂತು. ಟೀಚರ್ ಕೂತು ಒಂದು ಪುಟ ಹೊಡೆದರು, ತಪ್ಪಿಲ್ಲ. ನಾನೂ ಹಳೆಯ ಪಾಠ ನೆನಪಿಸಿಕೊಂಡು ಹೊಡೆದು ನೋಡಿದೆ, ತಪ್ಪಿಲ್ಲ. ಇಬ್ಬರು ಪರೀಕ್ಷಿಸಿದ್ದೇವೆ, ಇನ್ನೇನು ಬೇಕು? ಇಬ್ಬರೂ ಕ್ಯಾಂಟೀನಿಗೆ ಹೋಗಿ ಬನ್ಸ್ ತಿಂದು ಬಂದೆವು.

ಶನಿವಾರ ವಾಮನ ಸರ್ ಕೋಣೆಯಲ್ಲಿ ಪರೀಕ್ಷೆ. ಅವರೇ ಪತ್ರ ಓದಿದರು. ಟೀಚರ್ ಕಿಟಕಿ ನೋಡುತ್ತಲೇ ಮುಗಿಸಿದರು. ಪ್ರಿಂಟು ತೆಗೆದು ನೋಡಿದ ಸರ್ ಮುಖ ಅರಳಿತು. "ಇನ್‌ಸ್ಕ್ರಿಪ್ಟ್ ಅಲ್ಲದಿದ್ದರೂ ಅಡ್ಡಿಯಿಲ್ಲ, ಇದು ಬಹಳ ಚೆನ್ನಾಗಿದೆ. ಎಲ್ಲ ಟೈಪಿಸ್ಟರಿಗೂ ಇದನ್ನೇ ಹಾಕಿ. ಐರಿನ್, ನೀವೂ ಒಮ್ಮೆ ನೋಡಿ."

ಐರಿನ್ ಸರ್‌ಗೆ ಪಿ.ಎ. ಆಗಿದ್ದವಳು, ಕಾರ್ಕಳದವಳು. ನಮ್ಮಲ್ಲಿ ಇಂಗ್ಲಿಷ್ ಟೈಪಿಂಗ್ ಮಾತ್ರ ಮಾಡುತ್ತಿದ್ದರೂ, ಕಾರ್ಕಳದಲ್ಲಿ ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ಅವಳು ಕೂತು ಚಕಚಕ ಹೊಡೆದಳು. ಪರದೆ ನೋಡಿದ ಸರ್ ಹುಬ್ಬು ಮೇಲೇರಿತು. "ದಯವಿಟ್ಟು ಗಮನಿಸಿ" ಎಂದು ಹೊಡೆದದ್ದು "ಗಯವಿಟ್ಟು ದಮನಿಸಿ" ಎಂದು ಬಂದಿತ್ತು. ಇಡೀ ಪುಟದಲ್ಲಿ ದ ಇರಬೇಕಾದಲ್ಲೆಲ್ಲ ಗ, ಗ ಇರಬೇಕಾದಲ್ಲೆಲ್ಲ ದ.

"ಐರಿನ್, ನಿಧಾನ ಹೊಡಿ" ಎಂದರು ಟೀಚರ್.

"ನಾನು ಸರಿಯಾಗಿಯೇ ಹೊಡೆದದ್ದು ಟೀಚರ್. ಕೀಲಿಮಣೆಯೇ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ನಾನು ಅಲ್ಲೇ ಕಡತ ತೆರೆದು ಎರಡು ಸಾಲು ಅದಲುಬದಲು ಮಾಡಿದೆ. ಐರಿನ್ ಹೊಡೆದಳು, ಸರಿ ಬಂತು. ಟೀಚರ್ ಹೊಡೆದರು, ಈಗ ಅವರದು ಕೆಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಾಯಿತು. ನಾನೂ ಹೊಡೆದು ನೋಡಿದೆ, ನನ್ನದೂ ಕೆಟ್ಟಿತು. ಆಗ ನನಗೆ ಸ್ವಲ್ಪ ಸಂಶಯ ಬಂತು.

ವಾಮನ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುನಂದಾ ಅವರೇ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಕ್ಷರ ಬರುವ ಕೀಲಿಮಣೆಯನ್ನು ಕಚೇರಿಯಲ್ಲಿ ಇಡಲು ಆಗುವುದಿಲ್ಲ. ಸೋಮವಾರದೊಳಗೆ ಇದರ ಮೂಲ ಹುಡುಕಿ. ಇಲ್ಲದಿದ್ದರೆ ಆದೇಶದ ಪ್ರಕಾರವೇ ನಡೆಯಲಿ."

ಆದೇಶದ ಪ್ರಕಾರ ಎಂದರೆ ಟೀಚರಿಗೆ ನೆಲಮಾಳಿಗೆ. ಟೀಚರ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು.

ಭಾನುವಾರ ನಾನು ಕಾಪುವಿಗೆ ಹೊರಟೆ. ಐರಿನ್ ತಾನೂ ಬರುತ್ತೇನೆಂದಳು. "ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ, ಅಲ್ವಾ ಸುನಂದಕ್ಕ?" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪೇಚಾಡುತ್ತಿದ್ದಳು. ಟೀಚರ್ ನಮಗೆ ಮಜ್ಜಿಗೆ ಕೊಟ್ಟರು, ಆದರೆ ಐರಿನ್ ಮುಖ ನೋಡಲಿಲ್ಲ. ಜಗಲಿಯಲ್ಲಿ ಮೆಷಿನುಗಳು ಸಾಲಾಗಿ ಕೂತಿದ್ದವು, ಎಲ್ಲದರ ಮುಂದೂ ಅದೇ ಬಟ್ಟೆ.

"ಟೀಚರ್, ಬಟ್ಟೆ ಎತ್ತಲಾ?" ಎಂದು ಕೇಳಿದೆ. ಕೇಳುವಾಗ ನನ್ನ ಗೆಣ್ಣು ಚುರ್ ಎಂದಿತು. ಆ ಜಗಲಿಯಲ್ಲಿ ಅಷ್ಟು ತಿಂಗಳು ಕೂತಿದ್ದರೂ ಕೀಲಿಗಳನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಎತ್ತಿದೆ. ಐರಿನ್ ಕಾಗದ ಸಿಕ್ಕಿಸಿ, ದ ಎಂದು ಬರೆದಿದ್ದ ಕೀಲಿಯನ್ನು ಒತ್ತಿದಳು. ಕಾಗದದ ಮೇಲೆ ಗ ಬಿತ್ತು. ಗ ಎಂದು ಬರೆದಿದ್ದನ್ನು ಒತ್ತಿದಳು. ದ ಬಿತ್ತು. ಪಕ್ಕದ ಮೆಷಿನಿನಲ್ಲೂ ಹಾಗೆಯೇ. ಅದರ ಪಕ್ಕದ್ದರಲ್ಲೂ ಹಾಗೆಯೇ.

"ಕೀಲಿಯ ಮೇಲೆ ಬರೆದದ್ದು ತಪ್ಪು" ಎಂದರು ಟೀಚರ್, ಒಂದಿಷ್ಟೂ ಅಳುಕದೆ. "ನಾನು ಹೇಳ್ತಿದ್ದೇನಲ್ಲ, ಕಂಪನಿಯವರು ಪ್ರತಿ ಸಲ ಅದೇ ತಪ್ಪು ಮಾಡುವುದು. ಶೇಖರಣ್ಣ ಅಕ್ಷರದ ಅಚ್ಚು ಕಿತ್ತು ಸರಿ ಜಾಗಕ್ಕೆ ಬೆಸುಗೆ ಹಾಕುವುದು. ಮೇಲಿನ ಹೆಸರು ಬದಲಿಸಲಿಕ್ಕೆ ಆಗುವುದಿಲ್ಲ. ಬಟ್ಟೆ ಇರುವಾಗ ಅದು ಯಾರಿಗೆ ಬೇಕು?"

ಐರಿನ್ ಮೆಲ್ಲಗೆ ಕೇಳಿದಳು. "ಎಲ್ಲ ಮೆಷಿನಿನಲ್ಲೂ ಒಂದೇ ತಪ್ಪು ಹೇಗೆ ಟೀಚರ್? ನಮ್ಮ ಕಾರ್ಕಳದ ಮೆಷಿನಿನಲ್ಲೂ ಹೀಗೆಯೇ ಬರೆದಿತ್ತು. ಅದರಲ್ಲಿ ದ ಒತ್ತಿದರೆ ದ ಬರ್ತಿತ್ತು."

ಟೀಚರ್ ಮೆಷಿನುಗಳ ಸಾಲಿನತ್ತ ತಿರುಗಿದರು. ಅವರ ನೋಟ ಸಾಲಿನ ಕೊನೆಗೆ ಹೋಯಿತು. ಅಲ್ಲಿ ಹಳೆಯ ಕಪ್ಪು ಮೆಷಿನ್ ಒಂದಿತ್ತು. ಅವರ ಸೋದರಮಾವ ಮುಂಬಯಿಯಿಂದ ಬರುವಾಗ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು, ಟೀಚರ್ ಹುಡುಗಿಯಾಗಿದ್ದಾಗ ಟೈಪಿಂಗ್ ಕಲಿತದ್ದು ಅದರಲ್ಲೇ. ನಾನು ಅದರ ಅಡಿಗೆ ಬಗ್ಗಿ ನೋಡಿದೆ. ಎರಡು ಅಚ್ಚುಗಳ ಬುಡದಲ್ಲಿ ಹಳೆಯ ಬೆಸುಗೆಯ ಗಂಟು ಇತ್ತು. ಯಾವ ಕಾಲದಲ್ಲೋ, ಮುಂಬಯಿಯ ಯಾವ ರಿಪೇರಿಯವನೋ, ಬಿದ್ದುಹೋದ ಎರಡು ಅಚ್ಚುಗಳನ್ನು ಅದಲುಬದಲಾಗಿ ಕೂರಿಸಿದ್ದ. ಆಮೇಲೆ ಬಂದ ಸರಿಯಾದ ಮೆಷಿನುಗಳನ್ನೆಲ್ಲ ಟೀಚರ್ ಆ ಕೆಟ್ಟ ಮೆಷಿನಿನ ಹಾಗೆ ಸರಿಮಾಡಿಸಿದ್ದರು!

ಟೀಚರ್ ಬೆಂಚಿನ ಮೇಲೆ ಕೂತುಬಿಟ್ಟರು. "ಹಾಗಾದರೆ ಇಷ್ಟು ಮಕ್ಕಳಿಗೆ ನಾನು ತಪ್ಪು ಕಲಿಸಿದ್ದಾ, ಸುನಂದಾ? ಬೇರೆ ಕಡೆ ಕೆಲಸಕ್ಕೆ ಸೇರಿದವರು ಬಂದು ಹೇಳ್ತಿದ್ದರು, ಅಲ್ಲಿಯ ಮೆಷಿನಿನಲ್ಲಿ ದ ಗ ಆಗ್ತದೆ ಅಂತ. ಆ ಮೆಷಿನ್ ಸರಿ ಇಲ್ಲ ಅಂತ ಬೈದು ಕಳಿಸ್ತಿದ್ದೆ."

"ಟೀಚರ್, ನಾನು ನಿಮ್ಮ ಹತ್ತಿರವೇ ಕಲಿತದ್ದು. ನನಗೆ ಎಂತ ಕಡಿಮೆ ಆಗಿದೆ?" ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ.

ಆಮೇಲೆ ಟೀಚರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಎದ್ದೆ. ನೋಡಿದರೆ ನಗು! "ಪಾಪ ಶೇಖರಣ್ಣ" ಎಂದು ಹೊಟ್ಟೆ ಹಿಡಿದುಕೊಂಡರು. "ಒಂದು ಚಹಾದ ಆಸೆಗೆ ಕಾಪುವಿನ ಎಲ್ಲ ಮೆಷಿನ್ ಹಾಳು ಮಾಡಿದ್ದಾನೆ ಮಾರಾಯ್ತಿ!" ಐರಿನ್ ಮೊದಲು ಹೆದರುತ್ತಾ ನಕ್ಕಳು, ಆಮೇಲೆ ಹೆದರದೆ ನಕ್ಕಳು. ಟೀಚರ್ ಅವಳ ಬೆನ್ನಿಗೊಂದು ಗುದ್ದು ಕೊಟ್ಟು, ಊಟ ಮಾಡದೆ ಹೋಗಬಾರದೆಂದು ಕೂರಿಸಿದರು. ಬಂಗುಡೆ ಮೀನಿನ ಗಸಿ ಹಾಕಿಕೊಂಡು ಊಟ ಮಾಡಿ ನಾವು ಸಂಜೆ ಹೊರಟೆವು.

ಸೋಮವಾರ ನಾನು ಒಂದರ ಬದಲು ಎರಡು ಕಡತ ಹಾಕಿದೆ. ಪಟ್ಟಿಯಲ್ಲಿ "ಕನ್ನಡ, ಟೈಪ್‌ರೈಟರ್" ಎಂದು ಒಂದು, ಅದರ ಕೆಳಗೆ "ಕನ್ನಡ, ಟೈಪ್‌ರೈಟರ್, ಕಾಪು" ಎಂದು ಇನ್ನೊಂದು. ಎರಡಕ್ಕೂ ವ್ಯತ್ಯಾಸ ಆ ಎರಡು ಅಕ್ಷರದ್ದು ಮಾತ್ರ. ವಾಮನ ಸ‌ರ್‌ಗೆ ಬೆಸುಗೆಯ ಕಥೆಯನ್ನೆಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿದರು.

"ಒಬ್ಬರಿಗಾಗಿ ಇಡೀ ಕಚೇರಿಯ ಯಂತ್ರಗಳಲ್ಲಿ ಒಂದು ಕೀಲಿಮಣೆ ಇಡಬೇಕೆಂದು ನಿಮ್ಮ ವಾದವೇ?"

"ಹೌದು ಸರ್. ಇದಕ್ಕೆ ಬೆಸುಗೆ ಬೇಡ, ಚಹಾವೂ ಬೇಡ. ಬೇಕಾದವರು ಆರಿಸಿಕೊಳ್ತಾರೆ, ಬೇಡದವರಿಗೆ ಅದು ಅಲ್ಲಿರುವುದೂ ಗೊತ್ತಾಗುವುದಿಲ್ಲ. ಹಿಂದೆ ಒಮ್ಮೆ ಒಬ್ಬರ ಒಂದು ಪಾಸ್‌ವರ್ಡಿಗಾಗಿ ಎಲ್ಲ ಯಂತ್ರಗಳ ಲಾಗಿನ್ ಪರದೆ ಬದಲಾಯಿಸಿದ್ದೇನೆ ಸರ್."

ಅಲ್ಲೇ ಕೂತಿದ್ದ ಐರಿನ್ ತಟಕ್ಕನೆ ಕೈಯಲ್ಲಿದ್ದ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು. ವಾಮನ ಸರ್ ನನ್ನನ್ನೇ ದಿಟ್ಟಿಸಿ ನೋಡಿದರು. ಈಗ ನನಗೇ ಟಪಾಲು ಗ್ಯಾರಂಟಿ ಎಂದುಕೊಂಡೆ. ಆಗ ಅವರು ನಕ್ಕರು. ಸರ್ ದನಿ ಎತ್ತಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಗಿರಿಜಾ ಅವರಿಗೆ ಹೇಳಿ, ಪಂಚಾಯತಿಯ ಪತ್ರ ಮಧ್ಯಾಹ್ನದೊಳಗೆ ಬೇಕು" ಎಂದರು. ಟೀಚರ್ ನಿವೃತ್ತಿಯಾಗುವವರೆಗೂ ಅದೇ ಮೇಜಿನಲ್ಲಿ, ಅದೇ ಕಿಟಕಿ ನೋಡುತ್ತಾ ಟೈಪ್ ಮಾಡಿದರು. ನೆಲಮಾಳಿಗೆಯ ಮೆಟ್ಟಿಲನ್ನು ಅವರು ಇಳಿಯಲೇ ಇಲ್ಲ.

ಆಮೇಲೆ ಕನ್ನಡ ಟೈಪ್ ಮಾಡುವ ತಂತ್ರಾಂಶಗಳು ಬದಲಾದವು, ಒಂದರ ನಂತರ ಒಂದು ಬಂದವು. ಫಾಂಟುಗಳು ಚೆಂದವಾದವು, ಚಿಕ್ಕಿ ಎಂದರೆ ಹೊಸಬರಿಗೆ ಅಂಗಡಿಯ ಚಿಕ್ಕಿ ಮಾತ್ರ ಗೊತ್ತು. ಪ್ರತಿ ಸಲ ಯಂತ್ರಗಳನ್ನು ಹೊಸದು ಮಾಡಿದಾಗಲೂ ನಾನು ಕಾಪುವಿನ ಕಡತವನ್ನು ಹೊಸ ರೀತಿಗೆ ಬರೆದು, ಜೊತೆಗೆ ಕರೆದುಕೊಂಡು ಹೋದೆ. ಟೀಚರ್ ನಿವೃತ್ತಿಯಾದ ಮೇಲೆ ಅದನ್ನು ಬಳಸುತ್ತಿದ್ದವಳು ನಾನೊಬ್ಬಳೇ. ಹೊಸಬರೇ, ಪಟ್ಟಿಯಲ್ಲಿ ಅಂಥದ್ದೊಂದು ಹೆಸರು ಕಂಡರೆ ಅಳಿಸುವ ಮುಂಚೆ ಒಂದು ಮಾತು ಕೇಳಿ. ಅದರ ಹಿಂದೆ ಯಾರದೋ ಬೆರಳು ಇರುತ್ತದೆ.

ನಿವೃತ್ತಿಯಾದ ವಾರ ನಾನೊಂದು ಲ್ಯಾಪ್‌ಟಾಪ್ ಕೊಂಡೆ. ಲಿನಕ್ಸ್ ಹಾಕಿ, ಕನ್ನಡ ಹಾಕಿ, ಟೀಚರಿಗೆ ತೋರಿಸಲು ಕಾಪುವಿಗೆ ಒಯ್ದೆ. ಟೀಚರಿಗೆ ಈಗ ಬಹಳ ವಯಸ್ಸಾಗಿದೆ, ಕನ್ನಡಕ ದಪ್ಪವಾಗಿದೆ. ಆದರೆ ಲ್ಯಾಪ್‌ಟಾಪ್ ಮಡಿಲಿಗೆ ಬಂದ ಕೂಡಲೇ ಬೆನ್ನು ನೆಟ್ಟಗಾಯಿತು. ಒಂದು ಸಾಲು ಹೊಡೆದು, ಪರದೆಯನ್ನು ಮೂಗಿನ ಹತ್ತಿರ ತಂದು ನೋಡಿದರು. ನಾನು ಅವಸರದಲ್ಲಿ, ಒಮ್ಮೆ ಹೊಡೆದೂ ನೋಡದೆ, ಸಾಮಾನ್ಯ ಟೈಪ್‌ರೈಟರ್ ಕಡತವನ್ನು ಮಾತ್ರ ಹಾಕಿಕೊಂಡಿದ್ದೆ.

"ನೋಡು ಸುನಂದಾ" ಎಂದು ತಲೆ ಆಡಿಸಿದರು. "ಕಂಪನಿಯವರು ಇನ್ನೂ ಸುಧಾರಿಸಲಿಲ್ಲ."

ನಾನು ಚೀಲದಿಂದ ಪೆನ್ ಡ್ರೈವ್ ತೆಗೆದು ಕಾಪುವಿನ ಕಡತ ಹಾಕಿಕೊಟ್ಟೆ. ಟೀಚರ್ ಬಾಗಿಲ ಹೊರಗೆ ನೋಡುತ್ತಾ ಪುನಃ ಒಂದು ಸಾಲು ಹೊಡೆದರು. ಓದಿದರು. ಓರೆಗಣ್ಣಿನಿಂದ ನನ್ನನ್ನು ನೋಡಿ, ಒಳಗೆ ಸೊಸೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಈಗ ಮೆಷಿನ್ ಸರಿಯಾಯ್ತು. ಸುನಂದಾಗೆ ಒಂದು ಚಹಾ ತಾ."